ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಪ್ರಿಂಟರ್ ಮಾತು ಕೇಳ್ತಿಲ್ವಾ? ಡ್ರೈವರ್ ಮುಟ್ಟೋ ಮುಂಚೆ ಇಷ್ಟು ನೋಡಿ

ಪ್ರಿಂಟರ್ ವೈಫೈಗೆ ಕನೆಕ್ಟ್ ಆಗಿದೆ, ಫೋನಿಂದ ಕೊಟ್ರೆ ಪ್ರಿಂಟ್ ಬರ್ತಿದೆ, ಆದ್ರೆ ಲಿನಕ್ಸ್ ಲ್ಯಾಪ್‌ಟಾಪಿಂದ ಕೊಟ್ರೆ ಮಾತ್ರ ಕ್ಯೂನಲ್ಲಿ ಹೋಗಿ ಕೂತ್ಕೊಂಡ್ಬಿಡತ್ತೆ. ಇಂಥ ಟೈಮಲ್ಲಿ ಹೆಚ್ಚಿನವರು ಮಾಡೋ ಮೊದಲ ಕೆಲಸ ಪ್ರಿಂಟರ್ ಡಿಲೀಟ್ ಮಾಡಿ ಮತ್ತೆ ಆಡ್ ಮಾಡೋದು, ಅದಕ್ಕೂ ಬಗ್ಗಲಿಲ್ಲ ಅಂದ್ರೆ ಡ್ರೈವರ್ ಕಿತ್ತಾಕಿ ಹೊಸದು ಹಾಕೋದು, ಆಮೇಲೆ ಕಂಪನಿ ಸೈಟಿಂದ ಯಾವುದೋ ಹಳೇ ಪ್ಯಾಕೇಜ್ ಇಳಿಸಿ ಅದರ ಮೇಲೇ ಇನ್ನೊಂದು ಹೇರೋದು. ಕೊನೆಗೆ ಮೂಲ ಸಮಸ್ಯೆ ಹಾಗೇ ಇರತ್ತೆ, ಲಿಸ್ಟಲ್ಲಿ ಒಂದೇ ಪ್ರಿಂಟರ್ ನಾಲ್ಕು ಹೆಸರಲ್ಲಿ ಕಾಣ್ತಾ ಇರತ್ತೆ ಅಷ್ಟೆ. ಮನೆ ರೌಟರ್ ಮೂಲಕ ಹೋಗೋ ಪ್ರಿಂಟರ್ ಕೈಕೊಟ್ರೆ ತಪ್ಪು ಡ್ರೈವರ್‌ದು ಆಗಿರೋದು ಕಮ್ಮಿ, ಅಡ್ರೆಸ್‌ದು ಆಗಿರೋದೇ ಜಾಸ್ತಿ, ಅದ್ರಲ್ಲೂ ನಿನ್ನೆವರೆಗೆ ಸರಿಯಾಗಿದ್ದು ಇವತ್ತು ನಿಂತಿದ್ರೆ ಡ್ರೈವರ್ ಕಡೆ ನೋಡೋ ಅಗತ್ಯವೇ ಬರಲ್ಲ ಅನ್ನಬಹುದು.

ಹಾಗಾಗಿ ಮೊದಲು ಕಂಡುಹಿಡೀಬೇಕಾಗಿರೋದು ಪ್ರಿಂಟ್ ಎಲ್ಲಿವರೆಗೆ ಹೋಗಿ ನಿಲ್ತಿದೆ ಅನ್ನೋದು. ದಾರಿ ಹೀಗಿದೆ: ನೀವು ಪ್ರಿಂಟ್ ಬಟನ್ ಒತ್ತಿದ ಅಪ್ಲಿಕೇಶನ್ ಒಂದು ಪಿಡಿಎಫ್ ಮಾಡಿ ಕಪ್ಸ್‌ಗೆ (ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ಕೆಲಸ ನೋಡ್ಕೊಳ್ಳೋ ಸರ್ವಿಸ್) ಕೊಡತ್ತೆ, ಕಪ್ಸ್ ಅದನ್ನ ಕ್ಯೂನಲ್ಲಿ ಇಟ್ಕೊಂಡು ಫಿಲ್ಟರ್‌ಗಳ ಮೂಲಕ ಹಾಯಿಸಿ ಪ್ರಿಂಟರ್‌ಗೆ ಅರ್ಥ ಆಗೋ ಫಾರ್ಮ್ಯಾಟ್‌ಗೆ ತಿರುಗಿಸತ್ತೆ, ಆಮೇಲೆ ಬ್ಯಾಕೆಂಡ್ ಅನ್ನೋ ಚಿಕ್ಕ ಪ್ರೋಗ್ರಾಂ ಅದನ್ನ ನೆಟ್‌ವರ್ಕ್‌ಗೆ ಬಿಡತ್ತೆ, ಅಲ್ಲಿಂದ ರೌಟರ್, ರೌಟರಿಂದ ಪ್ರಿಂಟರ್. ಹುಡುಕೋದನ್ನ ಮಾತ್ರ ಉಲ್ಟಾ ಮಾಡಿ, ಪ್ರಿಂಟರ್ ಕಡೆಯಿಂದ ಶುರು ಮಾಡಿ ಲ್ಯಾಪ್‌ಟಾಪ್ ಕಡೆಗೆ ಬನ್ನಿ. ಯಾಕಂದ್ರೆ ಪ್ರಿಂಟರ್ ನೆಟ್‌ವರ್ಕ್‌ನಲ್ಲೇ ಇಲ್ಲ ಅಂದ್ಮೇಲೆ ಕಪ್ಸ್‌ನಲ್ಲಿ ಎಷ್ಟು ತಡಕಾಡಿದ್ರೂ ಏನೂ ಸಿಗಲ್ಲ.

(ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಬರ್ದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀಬೇಕು, ದೊಡ್ಡಕ್ಷರ ಬೇಕಾದ ಕಡೆ ಹೇಳ್ತೀನಿ. 192.168.1.50 ಅಂತ ಇರೋ ಕಡೆ ನಿಮ್ಮ ಪ್ರಿಂಟರ್ ಅಡ್ರೆಸ್ ಹಾಕ್ಕೊಳ್ಳಿ.)

ಪ್ರಿಂಟರ್‌ನ ಬಾಯಿಂದಲೇ ಕೇಳಿ

ಹೆಚ್ಚುಕಮ್ಮಿ ಎಲ್ಲಾ ನೆಟ್‌ವರ್ಕ್ ಪ್ರಿಂಟರ್‌ಗೂ ತನ್ನ ಸೆಟ್ಟಿಂಗ್ಸ್ ತಾನೇ ಪ್ರಿಂಟ್ ಮಾಡೋ ವ್ಯವಸ್ಥೆ ಇರತ್ತೆ. ಸ್ಕ್ರೀನ್ ಇದ್ರೆ ಮೆನುವಿನಲ್ಲಿ ನೆಟ್‌ವರ್ಕ್ ರಿಪೋರ್ಟ್ ಅಥವಾ ಕಾನ್ಫಿಗರೇಶನ್ ಪೇಜ್ ಅಂತ ಸಿಗತ್ತೆ, ಇಲ್ದಿದ್ರೆ ಯಾವುದೋ ಒಂದು ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡೀಬೇಕು. ಆ ಹಾಳೆ ಬಂತು ಅಂದ್ರೆ ಇಂಕು, ಪೇಪರ್, ಮೆಕ್ಯಾನಿಕಲ್ ಭಾಗ ಎಲ್ಲ ಸರಿ ಇದೆ ಅಂತ ಅಲ್ಲೇ ಗೊತ್ತಾಗೋಯ್ತು. ಹಾಳೆಯಲ್ಲಿ ನಮಗೆ ಬೇಕಾಗಿರೋದು ಮೂರು: ಐಪಿ ಅಡ್ರೆಸ್, ಮ್ಯಾಕ್ ಅಡ್ರೆಸ್ (ಪ್ರಿಂಟರ್‌ನ ನೆಟ್‌ವರ್ಕ್ ಭಾಗಕ್ಕೆ ಇರೋ ಬದಲಾಗದ ಗುರುತಿನ ನಂಬರ್), ಯಾವ ವೈಫೈ ಹೆಸರಿಗೆ ಸೇರ್ಕೊಂಡಿದೆ ಅನ್ನೋದು. ಈ ಹಾಳೆ ಎಸೀಬೇಡಿ, ಮುಂದೆ ಪದೇ ಪದೇ ಬೇಕಾಗತ್ತೆ.

ಐಪಿ ಅಡ್ರೆಸ್ 169.254 ಅಂತ ಶುರುವಾಗಿದ್ರೆ ಪ್ರಿಂಟರ್ ರೌಟರ್ ಹತ್ರ ಅಡ್ರೆಸ್ ಕೇಳಿದೆ, ಉತ್ತರ ಬಂದಿಲ್ಲ, ಬೇಜಾರಾಗಿ ತಾನೇ ಒಂದು ಹಾಕ್ಕೊಂಡಿದೆ ಅಂತ ಅರ್ಥ. 0.0.0.0 ಇದ್ರೆ ಅಷ್ಟೂ ಆಗಿಲ್ಲ. ಎರಡೂ ಕೇಸಲ್ಲಿ ಲಿನಕ್ಸ್ ಕಡೆ ನೋಡೋಕೇ ಹೋಗ್ಬೇಡಿ. ಇತ್ತೀಚೆಗೆ ರೌಟರ್ ಬದಲಾಯ್ಸಿದ್ರೆ ಅಥವಾ ವೈಫೈ ಪಾಸ್‌ವರ್ಡ್ ಬದಲಾಯ್ಸಿದ್ರೆ ಪ್ರಿಂಟರ್ ಇನ್ನೂ ಹಳೇದನ್ನೇ ಹಿಡ್ಕೊಂಡು ಕೂತಿರತ್ತೆ, ಫೋನು ಲ್ಯಾಪ್‌ಟಾಪಿಗೆಲ್ಲ ಹೊಸ ಪಾಸ್‌ವರ್ಡ್ ಹಾಕೋ ನಾವು ಪ್ರಿಂಟರ್ ಒಂದನ್ನ ಮರ್ತಿರ್ತೀವಿ. ಇನ್ನೊಂದು, ಎಷ್ಟೋ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ಕಾಣೋದೇ ಇಲ್ಲ, ರೌಟರ್‌ನಲ್ಲಿ 2.4 ಆಫ್ ಮಾಡಿದ್ರೆ ಅಥವಾ ಸೆಕ್ಯುರಿಟಿಯನ್ನ ಡಬ್ಲ್ಯುಪಿಎ3 ಮಾತ್ರ ಅಂತ ಇಟ್ಟಿದ್ರೆ ಹಳೇ ಪ್ರಿಂಟರ್ ಒಳಗೆ ಬರೋಕೇ ಆಗಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿರೋ ಮೋಡ್‌ಗೆ ಹಾಕಿ ನೋಡಿ.

ಕೇಬಲ್ ಹಾಕೋಕೆ ಪೋರ್ಟ್ ಇರೋ ಪ್ರಿಂಟರ್ ಆದ್ರೆ, ಮತ್ತೆ ರೌಟರ್ ಹತ್ರದಲ್ಲೇ ಇದ್ರೆ, ವೈಫೈ ಬಿಟ್ಟು ಕೇಬಲ್ ಹಾಕ್ಬಿಡಿ. ಅರ್ಧ ತಲೆನೋವು ಅಲ್ಲಿಗೇ ಮುಗಿಯತ್ತೆ.

ಲ್ಯಾಪ್‌ಟಾಪಿಂದ ಅಲ್ಲಿಗೆ ದಾರಿ ಇದ್ಯಾ

ಈಗ ಲ್ಯಾಪ್‌ಟಾಪಲ್ಲಿ ನಿಮ್ಮ ಅಡ್ರೆಸ್ ನೋಡ್ಕೊಳ್ಳಿ:

ಐಪಿ ಎ

ಪ್ರಿಂಟರ್‌ದು 192.168.1.50 ಆಗಿದ್ದು ನಿಮ್ದು 192.168.1.ಏನೋ ಒಂದು ಇದ್ರೆ ಒಂದೇ ನೆಟ್‌ವರ್ಕ್ ಅಂತ ಅಂದ್ಕೋಬಹುದು. ಆಮೇಲೆ ಪ್ರಿಂಟರ್ ಅಡ್ರೆಸ್‌ಗೆ ಪಿಂಗ್ ಮಾಡಿ (ಆ ಕಡೆಯಿಂದ ಉತ್ತರ ಬರತ್ತಾ ಅಂತ ನೋಡೋ ಕಮಾಂಡ್), ಪಿಂಗ್ ಆದ ತಕ್ಷಣ ಇದನ್ನ ಹೊಡೀರಿ:

ಐಪಿ ನೇಬರ್

ಈ ಕಮಾಂಡ್ ಬಗ್ಗೆ ಯಾರೂ ಹೇಳಲ್ಲ, ಆದ್ರೆ ಪ್ರಿಂಟರ್ ವಿಷಯದಲ್ಲಿ ಇದ್ರಷ್ಟು ಉಪಯೋಗಕ್ಕೆ ಬರೋದು ಇನ್ನೊಂದಿಲ್ಲ. ಯಾವ ಐಪಿ ಅಡ್ರೆಸ್ ಹಿಂದೆ ಯಾವ ಮ್ಯಾಕ್ ಅಡ್ರೆಸ್ ಇದೆ ಅಂತ ಇದು ತೋರ್ಸತ್ತೆ. ಪ್ರಿಂಟರ್ ಅಡ್ರೆಸ್ ಇರೋ ಸಾಲನ್ನ ಹುಡುಕಿ, ಅದ್ರಲ್ಲಿರೋ ಮ್ಯಾಕ್ ಅಡ್ರೆಸ್‌ನ ಆಗ ಪ್ರಿಂಟ್ ತೆಗೆದ ಹಾಳೆ ಜೊತೆ ಹೋಲಿಸಿ. ಸಾಲಿನ ಕೊನೇಲಿ ಫೇಲ್ಡ್ ಅಥವಾ ಇನ್‌ಕಂಪ್ಲೀಟ್ ಅಂತಿದ್ರೆ ಆ ಅಡ್ರೆಸ್‌ನಲ್ಲಿ ಯಾರೂ ಉತ್ತರ ಕೊಡ್ತಿಲ್ಲ. ರೀಚಬಲ್ ಅಂತಿದ್ದು ಮ್ಯಾಕ್ ಅಡ್ರೆಸ್ ಬೇರೆ ಇದ್ರೆ? ಪಿಂಗ್‌ಗೆ ಉತ್ತರ ಕೊಡ್ತಿರೋದು ಪ್ರಿಂಟರೇ ಅಲ್ಲ, ಟಿವಿನೋ ಯಾರದೋ ಫೋನೋ ಆ ಅಡ್ರೆಸ್ ತಗೊಂಡಿದೆ.

ಇದು ಹೇಗಾಗತ್ತೆ ಅಂದ್ರೆ, ಮನೆ ರೌಟರ್ ಡಿಎಚ್‌ಸಿಪಿ ಮೂಲಕ ಅಡ್ರೆಸ್ ಕೊಡೋದು ಶಾಶ್ವತವಾಗಿ ಅಲ್ಲ, ಇಂತಿಷ್ಟು ಹೊತ್ತು ಅಂತ ಲೀಸ್‌ಗೆ ಕೊಡೋದು. ಪ್ರಿಂಟರ್ ವಾರಗಟ್ಟಲೆ ಆಫ್ ಆಗಿದ್ರೆ ಲೀಸ್ ಮುಗಿದು ಆ ನಂಬರ್ ಬೇರೆಯವರಿಗೆ ಹೋಗತ್ತೆ, ಪ್ರಿಂಟರ್ ಮತ್ತೆ ಆನ್ ಆದಾಗ ಅದಕ್ಕೆ 192.168.1.57 ಸಿಗತ್ತೆ, ಕಪ್ಸ್ ಮಾತ್ರ ಪಾಪ 50ಕ್ಕೇ ಕಳಿಸ್ತಾ ಇರತ್ತೆ. ಆಗ ಕಪ್ಸ್ ತೋರ್ಸೋ ಮೆಸೇಜ್‌ಗಳು ತಲೆ ಕೆಡಿಸೋ ಥರ ಇರ್ತವೆ. ಆ ಅಡ್ರೆಸ್‌ನಲ್ಲಿ ಏನೂ ಇಲ್ದಿದ್ರೆ ‘ದ ಪ್ರಿಂಟರ್ ಈಸ್ ಅನ್‌ರೀಚಬಲ್ ಅಟ್ ದಿಸ್ ಟೈಮ್’ ಅನ್ನತ್ತೆ, ಅದು ಓಕೆ, ಅರ್ಥ ಆಗತ್ತೆ. ಆದ್ರೆ ಅಲ್ಲಿ ಬೇರೆ ಡಿವೈಸ್ ಇದ್ದು ಅದು ಕನೆಕ್ಷನ್ ಬೇಡ ಅಂತ ತಳ್ಳಿದ್ರೆ ಕಪ್ಸ್ ಹೇಳೋದು ‘ದ ಪ್ರಿಂಟರ್ ಈಸ್ ಇನ್ ಯೂಸ್’ ಅಂತ! ಯಾರೋ ಪ್ರಿಂಟ್ ಮಾಡ್ತಿದಾರೆ ಅಂತ ನಾವು ಕಾಯ್ತಾ ಕೂತಿರ್ತೀವಿ, ಪ್ರಿಂಟರ್ ನೋಡಿದ್ರೆ ಸುಮ್ನೆ ಮಲಗಿರತ್ತೆ. ಕನೆಕ್ಷನ್ ರೆಫ್ಯೂಸ್ ಆಯ್ತು ಅಂದ್ರೆ ಪ್ರಿಂಟರ್ ಬೇರೆಯವರ ಜೊತೆ ಬಿಸಿ ಇರಬೇಕು ಅಂತ ಕಪ್ಸ್ ಅಂದ್ಕೊಳ್ಳತ್ತೆ, ಅಷ್ಟೇ ವಿಷಯ. ಖಾಲಿ ಕೂತಿರೋ ಪ್ರಿಂಟರ್‌ಗೆ ಈ ಮೆಸೇಜ್ ಬಂದ್ರೆ ಮೊದಲು ಮ್ಯಾಕ್ ಅಡ್ರೆಸ್ ಹೋಲಿಸಿ.

ಪರಿಹಾರ ರೌಟರ್‌ನಲ್ಲಿದೆ, ಪ್ರಿಂಟರ್‌ನಲ್ಲಲ್ಲ. ರೌಟರ್ ಅಡ್ಮಿನ್ ಪೇಜಿಗೆ ಹೋಗಿ, ಡಿಎಚ್‌ಸಿಪಿ ಅಥವಾ ಲ್ಯಾನ್ ಸೆಟ್ಟಿಂಗ್ಸ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಅಥವಾ ಸ್ಟ್ಯಾಟಿಕ್ ಲೀಸ್ ಅಂತಿರತ್ತೆ, ಅಲ್ಲಿ ಪ್ರಿಂಟರ್ ಮ್ಯಾಕ್ ಅಡ್ರೆಸ್ ಹಾಕಿ ಒಂದು ಐಪಿ ಅಡ್ರೆಸ್ ಕಟ್ಟಿಹಾಕಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಪ್ರಿಂಟರ್ ಮೆನುವಿನಲ್ಲೇ ಮ್ಯಾನ್ಯುಯಲ್ ಐಪಿ ಹಾಕೋ ಆಪ್ಷನ್ ಇರತ್ತೆ, ಅದನ್ನ ಬಳಸ್ಬೇಡಿ ಅಂತಲೇ ನನ್ನ ಸಲಹೆ, ಯಾಕಂದ್ರೆ ಅದು ರೌಟರ್‌ಗೆ ಗೊತ್ತಿರಲ್ಲ, ಅದೇ ನಂಬರ್‌ನ ಅದು ಇನ್ನೊಬ್ಬರಿಗೂ ಕೊಡಬಹುದು, ಆಗ ಒಂದೇ ಅಡ್ರೆಸ್‌ಗೆ ಇಬ್ಬರು ಜಗಳ ಆಡ್ತಾರೆ, ಮೇಲಾಗಿ ನಾಳೆ ರೌಟರ್ ಬದಲಾಗಿ ನೆಟ್‌ವರ್ಕ್ 192.168.0 ಆಯ್ತು ಅಂದ್ರೆ ಪ್ರಿಂಟರ್ ಹಳೇ ನಂಬರ್ ಹಿಡ್ಕೊಂಡು ಹೊರಗೇ ನಿಂತ್ಬಿಡತ್ತೆ. ವೈಫೈ ಮತ್ತು ಕೇಬಲ್‌ಗೆ ಮ್ಯಾಕ್ ಅಡ್ರೆಸ್ ಸಾಮಾನ್ಯವಾಗಿ ಬೇರೆ ಬೇರೆ ಇರತ್ತೆ, ಯಾವುದನ್ನ ಬಳಸ್ತಿದೀರೋ ಅದನ್ನೇ ಹಾಕಿ.

ಮ್ಯಾಕ್ ಸರಿ ಇದೆ, ಪಿಂಗ್ ಆಗ್ತಿದೆ ಅಂದ್ರೆ ಪೋರ್ಟ್ ನೋಡಿ (ಕೇಬಲ್ ಹಾಕೋ ಪೋರ್ಟ್ ಅಲ್ಲ, ಪ್ರಿಂಟರ್ ನೆಟ್‌ವರ್ಕ್‌ಗೆ ತೆರೆದಿಡೋ ಬಾಗಿಲಿನ ನಂಬರ್):

ಎನ್‌ಸಿ -ಝಡ್‌ವಿ 192.168.1.50 631
ಎನ್‌ಸಿ -ಝಡ್‌ವಿ 192.168.1.50 9100

631 ಐಪಿಪಿ (ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೊಕಾಲ್) ಪೋರ್ಟ್, 9100 ಹಳೇ ಕಾಲದ ನೇರ ಪ್ರಿಂಟಿಂಗ್ ಪೋರ್ಟ್, 515 ಎಲ್‌ಪಿಡಿ ಅನ್ನೋ ಇನ್ನೊಂದು ಹಳೇ ಪದ್ಧತಿದು. ಎರಡರಲ್ಲಿ ಒಂದಾದ್ರೂ ಸಕ್ಸೀಡೆಡ್ ಅಂತ ಬಂದ್ರೆ ನೆಟ್‌ವರ್ಕ್ ಭಾಗ ಮುಗೀತು. ಪಿಂಗ್ ಆಗಿ ಎಲ್ಲಾ ಪೋರ್ಟೂ ರೆಫ್ಯೂಸ್ಡ್ ಬಂದ್ರೆ ಬ್ರೌಸರ್‌ನಲ್ಲಿ ಪ್ರಿಂಟರ್ ಐಪಿ ಹಾಕಿ ಅದರದ್ದೇ ಸೆಟ್ಟಿಂಗ್ಸ್ ಪೇಜ್ ತೆಗೀರಿ, ಅಲ್ಲಿ ಐಪಿಪಿ ಅಥವಾ ಏರ್‌ಪ್ರಿಂಟ್ (ಡ್ರೈವರ್ ಇಲ್ದೆ ಪ್ರಿಂಟ್ ಮಾಡೋ ಆಪಲ್ ಪದ್ಧತಿ) ಆಫ್ ಆಗಿರಬಹುದು.

ಪಿಂಗೇ ಆಗ್ತಿಲ್ಲ, ಆದ್ರೆ ಫೋನಿಂದ ಪ್ರಿಂಟ್ ಬರ್ತಿದೆ

ಇದು ತುಂಬಾ ಜನರನ್ನ ಡ್ರೈವರ್ ಕಡೆ ತಳ್ಳೋ ಲಕ್ಷಣ. ಫೋನಿಂದ ಬರತ್ತೆ ಅಂದ್ಮೇಲೆ ಲಿನಕ್ಸ್‌ದೇ ತಪ್ಪು ಅಂತ. ಹಾಗೇನಿಲ್ಲ. ಫೋನ್ ವೈಫೈ ಡೈರೆಕ್ಟ್ ಮೂಲಕ ರೌಟರ್ ಮುಟ್ಟದೇನೇ ಪ್ರಿಂಟರ್ ಜೊತೆ ಮಾತಾಡ್ತಿರಬಹುದು, ಅಥವಾ ಕಂಪನಿ ಆ್ಯಪ್ ಇಂಟರ್ನೆಟ್ ಸುತ್ತಿ ಕ್ಲೌಡ್ ಮೂಲಕ ಕಳಿಸ್ತಿರಬಹುದು. ಫೋನ್‌ನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಮನೆ ವೈಫೈನಲ್ಲೇ ಇದ್ದು, ಫೋನ್‌ನ ಮಾಮೂಲಿ ಪ್ರಿಂಟ್ ಮೆನುವಿಂದ ಕೊಟ್ಟು ನೋಡಿ, ಆಮೇಲೆ ತೀರ್ಮಾನಕ್ಕೆ ಬನ್ನಿ.

ಲ್ಯಾಪ್‌ಟಾಪ್ ಗೆಸ್ಟ್ ವೈಫೈನಲ್ಲಿದ್ಯಾ ನೋಡಿ. ಗೆಸ್ಟ್ ನೆಟ್‌ವರ್ಕ್ ಇರೋದೇ ಒಳಗಿನ ಡಿವೈಸ್‌ಗಳು ಕಾಣಬಾರದು ಅಂತ. ಮೇನ್ ವೈಫೈನಲ್ಲೂ ಎಪಿ ಐಸೊಲೇಶನ್ ಅಥವಾ ಕ್ಲೈಂಟ್ ಐಸೊಲೇಶನ್ ಅನ್ನೋ ಟಿಕ್ ಬಾಕ್ಸ್ ಆನ್ ಆಗಿದ್ರೆ ವೈಫೈ ಡಿವೈಸ್‌ಗಳು ಇಂಟರ್ನೆಟ್‌ಗೆ ಹೋಗ್ತವೆ ಆದ್ರೆ ಒಂದಕ್ಕೊಂದು ಮಾತಾಡೋಕಾಗಲ್ಲ. ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದ ತಕ್ಷಣ ಪ್ರಿಂಟರ್ ಸಿಕ್ಕಿತು ಅಂದ್ರೆ ಇದರ ಮೇಲೇ ಅನುಮಾನ ಪಡಿ.

ಎರಡು ರೌಟರ್ ಇರೋ ಮನೆಗಳಲ್ಲಿ ಇನ್ನೊಂದು ತಮಾಷೆ. ಇಂಟರ್ನೆಟ್ ಕೊಡುವವರ ಮೋಡೆಮ್ಮೇ ಒಂದು ರೌಟರ್, ಅದಕ್ಕೆ ನಾವು ಸಿಕ್ಕಿಸಿರೋದು ಇನ್ನೊಂದು. ಮೊದಲನೇದು 192.168.1 ಕೊಡತ್ತೆ, ಎರಡನೇದು 192.168.0 ಕೊಡತ್ತೆ. ಪ್ರಿಂಟರ್ ಹೊರಗಿನ ರೌಟರ್‌ಗೆ, ಲ್ಯಾಪ್‌ಟಾಪ್ ಒಳಗಿನ ರೌಟರ್‌ಗೆ ಸೇರಿದ್ರೆ ಐಪಿ ಅಡ್ರೆಸ್ ಕೊಟ್ಟು ಪ್ರಿಂಟ್ ಮಾಡಬಹುದು, ಆದ್ರೆ ಲಿಸ್ಟ್‌ನಲ್ಲಿ ತಾನಾಗೇ ಕಾಣಲ್ಲ. ಉಲ್ಟಾ ಆಗಿದ್ರೆ, ಅಂದ್ರೆ ಪ್ರಿಂಟರ್ ಒಳಗೆ ಲ್ಯಾಪ್‌ಟಾಪ್ ಹೊರಗೆ, ದಾರಿನೇ ಇರಲ್ಲ. ಎರಡನೇ ರೌಟರ್‌ನ ಆಕ್ಸೆಸ್ ಪಾಯಿಂಟ್ ಅಥವಾ ಬ್ರಿಡ್ಜ್ ಮೋಡ್‌ಗೆ ಹಾಕೋದೇ ಸರಿಯಾದ ಉಪಾಯ.

ಇನ್ನು ವಿಪಿಎನ್. ಆಫೀಸ್ ಕೆಲಸಕ್ಕೆ ವಿಪಿಎನ್ ಹಾಕ್ಕೊಂಡು ಅದು ಮನೆ ಟ್ರಾಫಿಕ್‌ನೂ ಎಳ್ಕೊಂಡು ಹೋಗ್ತಿದ್ರೆ ಪ್ರಿಂಟರ್‌ಗೆ ಹೋಗೋ ಪ್ಯಾಕೆಟ್ ಆಫೀಸಿಗೆ ಹೋಗಿ ಸಾಯತ್ತೆ. ಇದನ್ನ ಒಂದೇ ಸಾಲಲ್ಲಿ ಹಿಡೀಬಹುದು:

ಐಪಿ ರೂಟ್ ಗೆಟ್ 192.168.1.50

ಉತ್ತರದಲ್ಲಿ ನಿಮ್ಮ ವೈಫೈ ಇಂಟರ್‌ಫೇಸ್ ಹೆಸರು ಬರಬೇಕು. ಟನ್0, ಡಬ್ಲ್ಯುಜಿ0 ಥರದ್ದು ಬಂದ್ರೆ ವಿಪಿಎನ್ ಆಫ್ ಮಾಡಿ ಪ್ರಿಂಟ್ ಕೊಡಿ, ಅಥವಾ ಅದರ ಸೆಟ್ಟಿಂಗ್ಸ್‌ನಲ್ಲಿ ಲೋಕಲ್ ನೆಟ್‌ವರ್ಕ್‌ಗೆ ಅನುಮತಿ ಕೊಡೋದು ಹುಡುಕಿ.

ಪಿಂಗ್ ಆಗತ್ತೆ, ಆದ್ರೆ ಲಿಸ್ಟ್‌ನಲ್ಲಿ ಕಾಣ್ತಿಲ್ಲ

ಆಡ್ ಪ್ರಿಂಟರ್ ಕೊಟ್ರೆ ಪ್ರಿಂಟರ್ ತಾನಾಗೇ ಕಾಣೋದು ಎಂಡಿಎನ್‌ಎಸ್ ಅನ್ನೋದ್ರಿಂದ, ಲಿನಕ್ಸ್‌ನಲ್ಲಿ ಆ ಕೆಲಸ ಅವಾಹಿ ಮಾಡತ್ತೆ. ಪ್ರಿಂಟರ್ ‘ನಾನಿಲ್ಲಿದೀನಿ’ ಅಂತ 224.0.0.251 ಅನ್ನೋ ಮಲ್ಟಿಕಾಸ್ಟ್ ಅಡ್ರೆಸ್‌ಗೆ ಯುಡಿಪಿ ಪೋರ್ಟ್ 5353ರಲ್ಲಿ ಕೂಗಿ ಹೇಳ್ತಿರತ್ತೆ. ಆ ಕೂಗು ಲ್ಯಾಪ್‌ಟಾಪ್‌ಗೆ ಕೇಳ್ತಿದ್ಯಾ ಅಂತ ನೋಡೋಕೆ:

ಅವಾಹಿ-ಬ್ರೌಸ್ -ಆರ್‌ಟಿ _ಐಪಿಪಿ._ಟಿಸಿಪಿ

ಇಲ್ಲಿ ಪ್ರಿಂಟರ್ ಹೆಸರು, ಅಡ್ರೆಸ್ ಎಲ್ಲ ಬಂದ್ರೆ ಕೂಗು ಕೇಳ್ತಿದೆ. ಏನೂ ಬರದೆ ಪ್ರಾಂಪ್ಟ್ ವಾಪಸ್ ಬಂದ್ರೆ ಒಂದೋ ನಿಮ್ಮ ಫೈರ್‌ವಾಲ್ ತಡೀತಿದೆ, ಇಲ್ಲಾ ರೌಟರ್ ಮಲ್ಟಿಕಾಸ್ಟ್‌ನ ನುಂಗ್ತಿದೆ. ಫೈರ್‌ವಾಲ್‌ಡಿ ಇದ್ರೆ ಎಂಡಿಎನ್‌ಎಸ್ ಸರ್ವಿಸ್ ಅಲೌ ಮಾಡಿ, ಯುಎಫ್‌ಡಬ್ಲ್ಯು ಇದ್ರೆ 5353 ಯುಡಿಪಿ ಅಲೌ ಮಾಡಿ. ಒಂದು ನಿಮಿಷ ಫೈರ್‌ವಾಲ್ ಪೂರ್ತಿ ಆಫ್ ಮಾಡಿ ನೋಡೋದೂ ನಡಿಯತ್ತೆ, ವಾಪಸ್ ಆನ್ ಮಾಡೋದು ಮರೀಬೇಡಿ. ಅದಕ್ಕೂ ಬರ್ಲಿಲ್ಲ ಅಂದ್ರೆ ರೌಟರ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಅನ್ನೋದನ್ನ ಆಫ್ ಮಾಡಿ ನೋಡಿ, ಕೆಲವು ರೌಟರ್‌ಗಳಲ್ಲಿ ಅದರ ಹುಳುಕಿಂದಲೇ ವೈಫೈ ಮತ್ತು ಕೇಬಲ್ ನಡುವೆ ಮಲ್ಟಿಕಾಸ್ಟ್ ದಾಟಲ್ಲ.

ಇದ್ರಲ್ಲೇ ಒಂದು ಒಳಸುಳಿ ಇದೆ. ಅವಾಹಿಗೆ ಪ್ರಿಂಟರ್ ಕಾಣತ್ತೆ, ಕ್ಯೂ (ಕಪ್ಸ್‌ನಲ್ಲಿ ಆ ಪ್ರಿಂಟರ್ ಹೆಸರಲ್ಲಿ ಮಾಡ್ಕೊಳ್ಳೋ ಸಾಲು) ಕೂಡ ಆಗಿದೆ, ಆದ್ರೆ ಪ್ರಿಂಟ್ ಕೊಟ್ರೆ ‘ಅನೇಬಲ್ ಟು ಲೊಕೇಟ್ ಪ್ರಿಂಟರ್’ ಅಂತ ಬಂದು ಅದರ ಮುಂದೆ ಡಾಟ್ ಲೋಕಲ್ ಅಂತ ಕೊನೆಯಾಗೋ ಹೆಸರು ಇರತ್ತೆ. ಹೆಸರಿಂದ ಅಡ್ರೆಸ್ ಹುಡುಕೋದು ಫೇಲ್ ಆಗ್ತಿದೆ ಅಂತ ಅರ್ಥ. ‘ಅವಾಹಿ-ರಿಸಾಲ್ವ್ -ಎನ್’ ಮುಂದೆ ಆ ಹೆಸರು ಕೊಟ್ಟು ನೋಡಿ, ಆಮೇಲೆ ‘ಗೆಟ್‌ಎಂಟ್ ಹೋಸ್ಟ್ಸ್’ ಮುಂದೆ ಅದೇ ಹೆಸರು ಕೊಟ್ಟು ನೋಡಿ. ಮೊದಲನೇದಕ್ಕೆ ಉತ್ತರ ಬಂದು ಎರಡನೇದಕ್ಕೆ ಬರ್ಲಿಲ್ಲ ಅಂದ್ರೆ ಅವಾಹಿ ಸರಿಯಾಗಿದೆ, ಆದ್ರೆ ಉಳಿದ ಸಿಸ್ಟಮ್ ಅದನ್ನ ಕೇಳ್ತಾನೇ ಇಲ್ಲ. ಡೆಬಿಯನ್, ಉಬುಂಟುನಲ್ಲಿ ಲಿಬ್‌ಎನ್‌ಎಸ್‌ಎಸ್-ಎಂಡಿಎನ್‌ಎಸ್, ಫೆಡೋರಾ, ಆರ್ಚ್‌ನಲ್ಲಿ ಎನ್‌ಎಸ್‌ಎಸ್-ಎಂಡಿಎನ್‌ಎಸ್ ಪ್ಯಾಕೇಜ್ ಹಾಕಿ, ಇಟಿಸಿ ಫೋಲ್ಡರ್‌ನ ಎನ್‌ಎಸ್‌ಸ್ವಿಚ್ ಡಾಟ್ ಕಾನ್ಫ್ ಫೈಲ್‌ನಲ್ಲಿ ಹೋಸ್ಟ್ಸ್ ಅನ್ನೋ ಸಾಲಿನಲ್ಲಿ ಡಿಎನ್‌ಎಸ್‌ಗಿಂತ ಮುಂಚೆ ಎಂಡಿಎನ್‌ಎಸ್4_ಮಿನಿಮಲ್ ಇದ್ಯಾ ನೋಡಿ. ಆರ್ಚ್‌ನಲ್ಲಿ ಈ ಸಾಲನ್ನ ನೀವೇ ಕೈಯಾರೆ ಬರೀಬೇಕು.

ನನ್ನ ಕೇಳಿದ್ರೆ, ಮನೇಲಿ ಒಂದೇ ಪ್ರಿಂಟರ್ ಇದ್ದು ರೌಟರ್‌ನಲ್ಲಿ ಅಡ್ರೆಸ್ ಕಟ್ಟಿಹಾಕಿ ಆಗಿದ್ರೆ ಈ ಎಂಡಿಎನ್‌ಎಸ್ ಗೋಜಿಗೇ ಹೋಗೋದು ಬೇಡ. ನೇರವಾಗಿ ಐಪಿ ಅಡ್ರೆಸ್ ಕೊಟ್ಟು ಕ್ಯೂ ಮಾಡಿ.

ಕ್ಯೂ ಮಾಡೋ ಸರಿಯಾದ ರೀತಿ

ಏರ್‌ಪ್ರಿಂಟ್ 2010ರಲ್ಲಿ ಬಂತು, ಐಪಿಪಿ ಎವೆರಿವೇರ್ 2013ರಲ್ಲಿ. ಇವೆರಡರಲ್ಲಿ ಯಾವುದಾದ್ರೂ ಒಂದು ಗೊತ್ತಿರೋ ಪ್ರಿಂಟರ್‌ಗೆ ಕಂಪನಿ ಡ್ರೈವರ್ ಬೇಕಾಗಲ್ಲ, ಪ್ರಿಂಟರೇ ತನ್ನ ಪೇಪರ್ ಸೈಜು, ಕಲರ್, ಎರಡೂ ಕಡೆ ಪ್ರಿಂಟ್ ಬರತ್ತಾ ಅನ್ನೋದನ್ನೆಲ್ಲ ಕಪ್ಸ್‌ಗೆ ಹೇಳತ್ತೆ. ಕಪ್ಸ್ ಕೂಡ ಅದೇ ದಿಕ್ಕಲ್ಲಿ ಹೋಗ್ತಿದೆ, 3.0ರಲ್ಲಿ ಹಳೇ ಪಿಪಿಡಿ (ಪ್ರಿಂಟರ್ ವಿವರ ಬರೆದಿರೋ ಫೈಲ್) ಡ್ರೈವರ್‌ಗಳ ಬೆಂಬಲನೇ ತೆಗೀತಿದಾರೆ. ಹಾಗಾಗಿ 631 ಪೋರ್ಟ್ ಓಪನ್ ಇದ್ರೆ ಮೊದಲು ಇದನ್ನೇ ಟ್ರೈ ಮಾಡಿ, ಮುಂದೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅನ್ನೋ ಪದ) ಹಾಕಿ:

ಎಲ್‌ಪಿಅಡ್ಮಿನ್ -ಪಿ ಮನೆ -ಇ -ವಿ ಐಪಿಪಿ://192.168.1.50/ಐಪಿಪಿ/ಪ್ರಿಂಟ್ -ಎಂ ಎವೆರಿವೇರ್

ಇದ್ರಲ್ಲಿ ಮನೆ ಅನ್ನೋದು ನೀವಿಡೋ ಹೆಸರು, ಏನಾದ್ರೂ ಇಡಿ, ಸ್ಪೇಸ್ ಬೇಡ. -ಇ ಮಾತ್ರ ದೊಡ್ಡಕ್ಷರ, ಮತ್ತೆ ಅದು ಹೆಸರಾದ್ಮೇಲೇ ಬರಬೇಕು. ಹೆಸರಿಗಿಂತ ಮುಂಚೆ ಹಾಕಿದ್ರೆ ಅದರ ಅರ್ಥನೇ ಬೇರೆ, ಎನ್‌ಕ್ರಿಪ್ಷನ್ ಬಳಸು ಅಂತ, ಆಮೇಲೆ ಹಾಕಿದ್ರೆ ಪ್ರಿಂಟರ್ ಎನೇಬಲ್ ಮಾಡು ಅಂತ. ಎಷ್ಟೋ ಜನರ ಹೊಸ ಕ್ಯೂ ಹುಟ್ಟಿದಾಗ್ಲೇ ನಿಂತು ಕೂತಿರೋದಕ್ಕೆ ಈ ಒಂದು ಅಕ್ಷರದ ಜಾಗನೇ ಕಾರಣ. ಕಮಾಂಡ್ ಬೇಡ ಅನ್ನೋರು ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:631 ತೆಗೆದು ಅಡ್ಮಿನಿಸ್ಟ್ರೇಶನ್ ಟ್ಯಾಬಲ್ಲಿ ಮಾಡಬಹುದು, ಅಲ್ಲಿ ಪಾಸ್‌ವರ್ಡ್ ಕೇಳಿ ಫರ್ಬಿಡನ್ ಅಂತ ಬಂದ್ರೆ ನಿಮ್ಮ ಯೂಸರ್ ಎಲ್‌ಪಿಅಡ್ಮಿನ್ ಗ್ರೂಪ್‌ನಲ್ಲಿಲ್ಲ (ಬೇರೆ ಡಿಸ್ಟ್ರೋಗಳಲ್ಲಿ ಈ ಗ್ರೂಪಿನ ಹೆಸರು ಬೇರೆ ಇರಬಹುದು).

ಈಗ ಸ್ಥಿತಿ ನೋಡಿ:

ಎಲ್‌ಪಿಸ್ಟ್ಯಾಟ್ -ಟಿ

ಉದ್ದದ ಔಟ್‌ಪುಟ್ ಬರತ್ತೆ, ಅದ್ರಲ್ಲಿ ನೋಡಬೇಕಾದ್ದು ಪ್ರಿಂಟರ್ ಐಡಲ್ ಇದ್ಯಾ ಡಿಸೇಬಲ್ಡ್ ಆಗಿದ್ಯಾ, ಮತ್ತೆ ಡಿವೈಸ್ ಫಾರ್ ಅನ್ನೋ ಸಾಲಲ್ಲಿ ಯಾವ ಅಡ್ರೆಸ್ ಇದೆ ಅಂತ. ಡಿಸೇಬಲ್ಡ್ ಇದ್ರೆ ಹಿಂದೆ ಯಾವಾಗ್ಲೋ ಪ್ರಿಂಟರ್ ಆಫ್ ಇದ್ದಾಗ ನೀವು ಪ್ರಿಂಟ್ ಕೊಟ್ಟಿದ್ದೀರಿ, ಅದು ಫೇಲ್ ಆಯ್ತು, ಕಪ್ಸ್ ಕ್ಯೂಗೇ ಬೀಗ ಹಾಕ್ತು. ಈಗ ಪ್ರಿಂಟರ್ ಆನ್ ಇದ್ರೂ ಬೀಗ ಹಾಗೇ ಇದೆ, ಕಪ್ಸ್ ತಾನಾಗೇ ತೆಗೆಯಲ್ಲ. ‘ಕಪ್ಸ್‌ಎನೇಬಲ್ ಮನೆ’ ಅಂತ ಹೊಡೀರಿ, ಕಾಯ್ತಿದ್ದ ಹಾಳೆಗಳೆಲ್ಲ ಒಟ್ಟಿಗೇ ಬರ್ತವೆ (ಬೇಡ ಅಂದ್ರೆ ಅದಕ್ಕಿಂತ ಮುಂಚೆ ‘ಕ್ಯಾನ್ಸಲ್ -ಎ ಮನೆ’ ಮಾಡಿ). ಬೀಗ ಬೀಳೋದು ಸ್ಟಾಪ್-ಪ್ರಿಂಟರ್ ಅನ್ನೋ ಎರರ್ ಪಾಲಿಸಿಯಿಂದ, ಮನೆ ವೈಫೈ ಪ್ರಿಂಟರ್‌ಗೆ ಅದು ಸೂಕ್ತ ಅಲ್ಲವೇ ಅಲ್ಲ. ಬದಲಾಯಿಸೋಕೆ:

ಎಲ್‌ಪಿಅಡ್ಮಿನ್ -ಪಿ ಮನೆ -ಒ ಪ್ರಿಂಟರ್-ಎರರ್-ಪಾಲಿಸಿ=ರಿಟ್ರೈ-ಜಾಬ್

ಆಮೇಲಿಂದ ಫೇಲ್ ಆದ್ರೆ ಕಪ್ಸ್ ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಟ್ರೈ ಮಾಡತ್ತೆ.

ಕ್ಯೂ ಐಡಲ್ ಇದೆ, ಪ್ರಿಂಟ್ ಕೊಟ್ರೆ ಮಾಯ ಆಗತ್ತೆ, ಹಾಳೆ ಬರಲ್ಲ ಅನ್ನೋರು ಯಾವ ಕ್ಯೂಗೆ ಕೊಡ್ತಿದೀರಿ ಅಂತ ನೋಡ್ಕೊಳ್ಳಿ. ಕಪ್ಸ್-ಬ್ರೌಸ್ಡ್ ಅನ್ನೋ ಸರ್ವಿಸ್ ನೆಟ್‌ವರ್ಕ್‌ನಲ್ಲಿ ಕಂಡ ಪ್ರಿಂಟರ್‌ಗಳಿಗೆ ತಾನೇ ಕ್ಯೂ ಮಾಡತ್ತೆ, ನೀವು ಮಾಡಿದ್ದು ಬೇರೆ ಇರತ್ತೆ, ಅದರ ಜೊತೆ ವರ್ಷದ ಹಿಂದಿನ ಸತ್ತ ಕ್ಯೂ ಒಂದು. ‘ಎಲ್‌ಪಿಸ್ಟ್ಯಾಟ್ -ಡಿ’ ಡೀಫಾಲ್ಟ್ ಯಾವುದು ಅಂತ ಹೇಳತ್ತೆ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಬದಲಾಯಿಸಿದ್ರೂ ಹಳೇದಕ್ಕೇ ಹೋಗ್ತಿದ್ರೆ ಹೋಮ್ ಫೋಲ್ಡರ್‌ನಲ್ಲಿ ಡಾಟ್ ಕಪ್ಸ್ ಅನ್ನೋ ಅಡಗಿದ ಫೋಲ್ಡರ್ ಒಳಗೆ ಎಲ್‌ಪಿಆಪ್ಷನ್ಸ್ ಅಂತ ಫೈಲ್ ಇರತ್ತೆ, ಅದರ ಮಾತೇ ನಡಿಯೋದು, ಅದನ್ನ ಅಳಿಸಿ. ಕಪ್ಸ್-ಬ್ರೌಸ್ಡ್‌ನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಸೆಕ್ಯುರಿಟಿ ಲೋಪ ಹೊರಬಿತ್ತು, ಯುಡಿಪಿ 631ರಲ್ಲಿ ಯಾರು ಏನು ಕಳಿಸಿದ್ರೂ ನಂಬ್ತಿತ್ತು ಅದು, ಕೈಯಾರೆ ಕ್ಯೂ ಮಾಡ್ಕೊಂಡಿರೋರು ಆ ಸರ್ವಿಸ್ ಆಫ್ ಮಾಡಿದ್ರೆ ಏನೂ ನಷ್ಟ ಇಲ್ಲ, ಡೂಪ್ಲಿಕೇಟ್ ಕಾಟನೂ ತಪ್ಪತ್ತೆ.

ರೌಟರ್‌ನ ಯುಎಸ್‌ಬಿಗೆ ಸಿಕ್ಕಿಸಿದ ಪ್ರಿಂಟರ್

ಇದು ಬೇರೆಯದೇ ಲೋಕ. ವೈಫೈ ಇಲ್ಲದ ಹಳೇ ಪ್ರಿಂಟರ್‌ನ ರೌಟರ್ ಹಿಂದಿನ ಯುಎಸ್‌ಬಿ ಪೋರ್ಟ್‌ಗೆ ಹಾಕಿದ್ರೆ ರೌಟರ್ ಬರೀ ಕೊಳಾಯಿ ಥರ, ಈ ಕಡೆ 9100 ಪೋರ್ಟ್‌ನಲ್ಲೋ ಎಲ್‌ಪಿಡಿಯಲ್ಲೋ ಬಂದಿದ್ದನ್ನ ಆ ಕಡೆ ಯುಎಸ್‌ಬಿಗೆ ಸುರಿಯತ್ತೆ ಅಷ್ಟೆ, ಫಾರ್ಮ್ಯಾಟ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಓಪನ್‌ಡಬ್ಲ್ಯುಆರ್‌ಟಿ (ರೌಟರ್‌ಗೆ ಹಾಕೋ ಲಿನಕ್ಸ್ ಆಧಾರಿತ ಸಾಫ್ಟ್‌ವೇರ್) ಹಾಕಿರೋ ರೌಟರ್‌ನಲ್ಲಿ ಪಿ910ಎನ್‌ಡಿ ಅನ್ನೋ ಪುಟ್ಟ ಪ್ರೋಗ್ರಾಂ ಈ ಕೆಲಸ ಮಾಡತ್ತೆ. ಇಲ್ಲಿ ಅಡ್ರೆಸ್ ಪ್ರಿಂಟರ್‌ದಲ್ಲ, ರೌಟರ್‌ದು: ಸಾಕೆಟ್://192.168.1.1:9100. ಎವೆರಿವೇರ್ ನಡಿಯಲ್ಲ, ಲ್ಯಾಪ್‌ಟಾಪ್‌ನಲ್ಲೇ ಸರಿಯಾದ ಮಾಡೆಲ್‌ನ ಡ್ರೈವರ್ ಇರಲೇಬೇಕು.

ಮೊದಲ ಪ್ರಿಂಟ್ ಬರತ್ತೆ, ಜಾಬ್ ಮಾತ್ರ ಮುಗಿಯೋದೇ ಇಲ್ಲ, ಆಮೇಲೆ ಕೊಟ್ಟಿದ್ದೆಲ್ಲ ಕಾಯ್ತಾ ಇರತ್ತೆ ಅನ್ನೋದು ಈ ಸೆಟಪ್‌ನ ಮಾಮೂಲಿ ಕಾಯಿಲೆ. ಕಪ್ಸ್ ಎಲ್ಲಾ ಕಳಿಸಿ ಆದ್ಮೇಲೆ ಆ ಕಡೆಯವರು ಕನೆಕ್ಷನ್ ಮುಚ್ಚಲಿ ಅಂತ ಕಾಯತ್ತೆ, ರೌಟರ್ ಮುಚ್ಚಲ್ಲ. ಅಡ್ರೆಸ್ ಕೊನೆಗೆ /?ವೇಟ್‌ಇಒಎಫ್=ಫಾಲ್ಸ್ ಸೇರಿಸಿದ್ರೆ ಕಾಯೋದು ಬಿಡತ್ತೆ. ಪ್ರತಿ ಪ್ರಿಂಟ್ ಶುರುವಾಗೋಕೆ ಮುಂಚೆ ಸುಮ್ನೆ ತಡ ಆಗ್ತಿದ್ರೆ ಕಪ್ಸ್ ಇಂಕ್ ಲೆವೆಲ್ ಕೇಳೋಕೆ ಎಸ್‌ಎನ್‌ಎಂಪಿನಲ್ಲಿ (ಡಿವೈಸ್‌ಗಳ ಸ್ಥಿತಿ ಕೇಳೋ ಪ್ರೋಟೊಕಾಲ್) ಪ್ರಯತ್ನ ಮಾಡ್ತಿರತ್ತೆ, ಎಸ್‌ಎನ್‌ಎಂಪಿ=ಫಾಲ್ಸ್ ಅಂತ ಅದೇ ರೀತಿ ಸೇರಿಸಬಹುದು.

ಎಚ್‌ಪಿ ಲೇಸರ್‌ಜೆಟ್ 1018, 1020 ಥರದ ಪ್ರಿಂಟರ್‌ಗಳು ರೌಟರ್‌ಗೆ ಸಿಕ್ಕಿಸಿದ್ರೆ ಸತ್ತಂಗಿರೋದಕ್ಕೆ ಕಾರಣ ಬೇರೆ. ಇವುಗಳ ಫರ್ಮ್‌ವೇರ್ ಪ್ರಿಂಟರ್ ಒಳಗೆ ಉಳಿಯಲ್ಲ, ಪ್ರತಿಸಲ ಆನ್ ಮಾಡಿದಾಗ್ಲೂ ಕಂಪ್ಯೂಟರ್ ಅದನ್ನ ಯುಎಸ್‌ಬಿ ಮೂಲಕ ಕೊಡಬೇಕು. ಕಂಪ್ಯೂಟರ್‌ಗೆ ನೇರ ಹಾಕಿದಾಗ ಡ್ರೈವರ್ ಸದ್ದಿಲ್ದೆ ಆ ಕೆಲಸ ಮಾಡ್ತಿರತ್ತೆ, ರೌಟರ್ ಮಾಡಲ್ಲ. ಓಪನ್‌ಡಬ್ಲ್ಯುಆರ್‌ಟಿನಲ್ಲಿ ಪ್ರಿಂಟರ್ ಸಿಕ್ಕಿಸಿದಾಗ ಫರ್ಮ್‌ವೇರ್ ಕಳಿಸೋ ಸ್ಕ್ರಿಪ್ಟ್ ಬರೆದು ನಡೆಸೋರು ಇದಾರೆ, ಕಂಪನಿ ಫರ್ಮ್‌ವೇರ್ ಇರೋ ರೌಟರ್‌ನಲ್ಲಾದ್ರೆ ಕಷ್ಟ.

ಹಾಳೆ ಬರತ್ತೆ, ಆದ್ರೆ ಕಸ ಬರತ್ತೆ

ಇಲ್ಲಿ ಕೊನೆಗೂ ಡ್ರೈವರ್ ಸರದಿ. ಹಾಳೆ ಮೇಲೆ ಪಿಜೆಎಲ್ ಅನ್ನೋ ಅಕ್ಷರಗಳು, ಒಂದೊಂದು ಹಾಳೆಗೆ ಒಂದೆರಡು ಸಾಲು ವಿಚಿತ್ರ ಚಿಹ್ನೆಗಳು ಬರ್ತಿದ್ರೆ ಪ್ರಿಂಟರ್‌ಗೆ ಗೊತ್ತಿಲ್ಲದ ಫಾರ್ಮ್ಯಾಟ್ ಹೋಗ್ತಿದೆ, ತಪ್ಪು ಮಾಡೆಲ್ ಆರಿಸಿದೀರಿ ಅಥವಾ ಕ್ಯೂ ‘ರಾ’ (ಏನೂ ತಿರುಗಿಸದೆ ಹಾಗೇ ಕಳಿಸೋದು) ಅಂತ ಇದೆ. ಪೇಪರ್ ಟ್ರೇ ಎಳೆದು ನಿಲ್ಲಿಸಿ, ಜಾಬ್ ಕ್ಯಾನ್ಸಲ್ ಮಾಡಿ, ಪ್ರಿಂಟರ್ ಆಫ್ ಮಾಡಿ ಅದರ ಮೆಮೊರಿ ಖಾಲಿಯಾಗ್ಲಿ, ಆಮೇಲೆ ಕ್ಯೂ ಸರಿಮಾಡಿ.

ಹಾಳೆನೇ ಬರದೆ ‘ಫಿಲ್ಟರ್ ಫೇಲ್ಡ್’ ಅಂತ ಬಂದ್ರೆ ಪ್ರಿಂಟ್ ಲ್ಯಾಪ್‌ಟಾಪ್ ಬಿಟ್ಟು ಹೊರಗೇ ಹೋಗಿಲ್ಲ, ರೌಟರ್ ಮೇಲೆ ಅನುಮಾನ ಬೇಡ. ಕಂಪನಿ ಡ್ರೈವರ್ ಹಾಕಿದೋರಿಗೇ ಇದು ಹೆಚ್ಚು, 64 ಬಿಟ್ ಸಿಸ್ಟಮ್‌ನಲ್ಲಿ 32 ಬಿಟ್ ಫಿಲ್ಟರ್ ಇರತ್ತೆ, ಅದಕ್ಕೆ ಬೇಕಾದ ಲೈಬ್ರರಿ ಇರಲ್ಲ. ರಾಸ್ಪ್‌ಬೆರಿ ಪೈನಲ್ಲಾದ್ರೆ ಇನ್ನೂ ಸರಳ, ಇಂಟೆಲ್ ಪ್ರೊಸೆಸರ್‌ಗೆ ಮಾಡಿದ ಫಿಲ್ಟರ್ ಆರ್ಮ್ ಮೇಲೆ ಓಡೋದೇ ಇಲ್ಲ. ಯಾವುದು ಅಂತ ಊಹೆ ಮಾಡೋ ಬದಲು ಲಾಗ್ ತೆಗೀರಿ. ‘ಕಪ್ಸ್‌ಸಿಟಿಎಲ್ --ಡಿಬಗ್-ಲಾಗಿಂಗ್’ ಹೊಡೆದು, ಒಂದೇ ಪುಟದ ಚಿಕ್ಕ ಪ್ರಿಂಟ್ ಕೊಟ್ಟು, ವಾರ್ ಫೋಲ್ಡರ್‌ನಲ್ಲಿ ಲಾಗ್, ಅದರೊಳಗೆ ಕಪ್ಸ್, ಅಲ್ಲಿರೋ ಎರರ್_ಲಾಗ್ ಫೈಲ್ ನೋಡಿ (ಕೆಲವು ಡಿಸ್ಟ್ರೋಗಳಲ್ಲಿ ಅದು ಖಾಲಿ ಇರತ್ತೆ, ಆಗ ‘ಜರ್ನಲ್‌ಸಿಟಿಎಲ್ -ಯು ಕಪ್ಸ್’). ಕೆಳಗಿಂದ ಮೇಲಕ್ಕೆ ಓದಬೇಡಿ, ಕೊನೇ ಸಾಲುಗಳು ಬರೀ ಪರಿಣಾಮ ಹೇಳ್ತವೆ. ನಿಮ್ಮ ಜಾಬ್ ನಂಬರ್ ಚೌಕ ಬ್ರಾಕೆಟ್‌ನಲ್ಲಿ ಮೊದಲು ಕಾಣೋ ಜಾಗದಿಂದ ಶುರು ಮಾಡಿ, ಸ್ಟಾಪ್ಡ್ ವಿತ್ ಸ್ಟೇಟಸ್ ಅನ್ನೋ ಮೊದಲ ಸಾಲು ಹುಡುಕಿ, ಯಾವ ಫಿಲ್ಟರ್ ಬಿತ್ತು ಅಂತ ಅಲ್ಲೇ ಹೆಸರು ಸಮೇತ ಇರತ್ತೆ, ಕಾರಣ ಅದಕ್ಕಿಂತ ಎರಡು ಮೂರು ಸಾಲು ಮೇಲೆ ಸಿಗತ್ತೆ, ‘ನೋ ಸಚ್ ಫೈಲ್’ ಅಂತಲೋ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಅಂತಲೋ. ಮೊದಲನೇದು ಲೈಬ್ರರಿ ಕೊರತೆ, ಎರಡನೇದು ಪ್ರೊಸೆಸರ್ ಹೊಂದ್ತಿಲ್ಲ. ಕೆಲಸ ಆದ್ಮೇಲೆ ‘ಕಪ್ಸ್‌ಸಿಟಿಎಲ್ --ನೋ-ಡಿಬಗ್-ಲಾಗಿಂಗ್’ ಹಾಕಿ, ಇಲ್ದಿದ್ರೆ ಪ್ರತಿ ಪ್ರಿಂಟ್‌ಗೂ ಸಾವಿರಾರು ಸಾಲು ಬರೀತಾ ಹೋಗತ್ತೆ.